ಸುಮನಹಳ್ಳಿಯೂ ನಮ್ಮ ಪಾನಪಾತ್ರೆಯೂ

ಮಾರೇನಹಳ್ಳಿಗೆ ಅನತಿದೂರದಲ್ಲಿ, ಮಾಗಡಿ ರಸ್ತೆಯ ಬಳಿ, ಸುಮನಹಳ್ಳಿ ಎಂಬ ಆಶ್ರಯಸ್ಥಾನವುಂಟು. 1970ರ ದಶಕದ ಕೊನೆಯಲ್ಲಿ, ದೇವರಾಜ ಅರಸರ ಸರಕಾರದ ಕೋರಿಕೆಯಂತೆ, ಕಥೋಲಿಕ ಆರ್ಚ್‌ಬಿಷಪ್ ಆರೋಕ್ಯಸ್ವಾಮಿಯವರು ಕುಷ್ಠರೋಗಿಗಳಿಗಾಗಿ ಅದನ್ನು ಆರಂಭಿಸಿದರು. ಭಿಕ್ಷೆಗೆ ಚಾಚಿದ್ದ ಕೈಗಳು ಅಲ್ಲಿ ಚರ್ಮದ ಕೆಲಸವನ್ನು ಕಲಿತವು.

ರೋಮಿನವರ ಸೇವೆಯನ್ನು ನಾವು ಹೊಗಳಬಹುದೋ ಎಂದು ನಮ್ಮಲ್ಲಿ ಕೆಲವರು ಕೇಳುತ್ತಾರೆ. ಯೋಹಾನನು ತಮ್ಮ ಗುಂಪಿಗೆ ಸೇರದವನನ್ನು ತಡೆದು ಕರ್ತನಿಂದ ತಿದ್ದಿಸಿಕೊಂಡ ಸಂಗತಿಯನ್ನು (ಮಾರ್ಕ 9) ಅವರು ಓದಲಿ. ಉಪದೇಶದ ಭೇದವು ಅಲ್ಪವೆಂದು ನಾನು ಹೇಳುವವನಲ್ಲ. ಆದರೆ ನನ್ನನ್ನು ಬಾಧಿಸುವ ಪ್ರಶ್ನೆಯು ಬೇರೆ.

ಈ ರೋಗವು ಈಗ ಆರು ತಿಂಗಳು ಇಲ್ಲವೆ ಒಂದು ವರುಷದ ಔಷಧದಿಂದ ವಾಸಿಯಾಗುತ್ತದೆ. ಔಷಧವನ್ನು ಆರಂಭಿಸಿದ ಮೇಲೆ ಅಂಟುವುದು ಬೇಗನೆ ನಿಲ್ಲುತ್ತದೆ. ಆದರೂ ಬೆರಳು ಮೊಂಡಾದವನು ಊರಿಗೆ ಹಿಂದಿರುಗಿದರೆ ಬಾಗಿಲು ತೆರೆಯುವವರು ವಿರಳ. ನಮ್ಮ ಹಿರಿಯರನ್ನು ಬಾವಿಯ ಬಳಿಗೆ ಬರಗೊಡದಿದ್ದ ಕಾಲವನ್ನು ಮರೆತೆವೋ? ದೂರದ ಆಶ್ರಯಕ್ಕೆ ಕಾಣಿಕೆ ಕಳುಹಿಸುವುದು, ಅವನನ್ನು ದೂರದಲ್ಲಿಯೇ ಇರಿಸುವ ಉಪಾಯವೂ ಆದೀತು. ಕರ್ತನಾದರೋ ಮಾತಿನಿಂದಲೇ ಸ್ವಸ್ಥಮಾಡಬಲ್ಲವನಾಗಿದ್ದರೂ ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದನು.

ಒಂದು ಭಾನುವಾರ, ಕರ್ತನ ಭೋಜನದಲ್ಲಿ, ಹೀಗೆ ವಾಸಿಯಾದ ಸಹೋದರನೊಬ್ಬನು ನನ್ನ ಪಕ್ಕದಲ್ಲಿ ಮೊಣಕಾಲೂರಿ ನನಗಿಂತ ಮೊದಲು ಪಾತ್ರೆಯಿಂದ ಕುಡಿದನು. ಉಪದೇಶಿಯಾದ ನಾನು ತುಟಿ ತಗುಲಿಸಿದಂತೆ ನಟಿಸಿ ಅದನ್ನು ಮುಂದಕ್ಕೆ ಕೊಟ್ಟೆನು. ಅವನು ಅದನ್ನು ನೋಡಿದನು.