ಹಾಡಿ ಅತ್ತದ್ದು ಯಾರ ಸೊತ್ತು?

ಸತ್ತವರ ಮುಂದೆ ಕುಳಿತು ಹೆಂಗಸರು ಅಳುವುದಕ್ಕೆ ನಮ್ಮ ಕಡೆ 'ಹಾಡ್ಯಾಡಿ ಅಳುವುದು' ಎನ್ನುತ್ತಾರೆ. ಹಾಡಿಗೂ ಅಳುವಿಗೂ ನಡುವೆ ಗೋಡೆಯಿಲ್ಲವೆಂಬುದನ್ನು ಈ ಎರಡು ಪದಗಳೇ ಹೇಳಿಬಿಡುತ್ತವೆ. ನನ್ನ ಸೋದರತ್ತೆ ಹಾಗೆ ಅತ್ತವಳು. ಅವಳ ಏಳು ವರ್ಷದ ಮಗ ಬಾವಿಗೆ ಬಿದ್ದು ಹೋದ. ಕರ್ಮಗಳೆಲ್ಲ ಮುಗಿದ ಮೇಲೆ ಅವಳು ಮಂದಿಯೆದುರು ಕಣ್ಣೀರು ಹಾಕಲಿಲ್ಲ. ಬೆಳಗಿನ ಜಾವ ಬೀಸುವ ಕಲ್ಲಿನ ಮುಂದೆ ಕುಳಿತು, ತನ್ನದೇ ಆದ ಒಂದು ಪದವನ್ನು ಹಿಟ್ಟಿನೊಡನೆ ಉದುರಿಸುತ್ತಿದ್ದಳು.

ನಾನಾಗ ಕಾಲೇಜಿನ ಹುಡುಗ. ಜನಪದ ಗೀತೆಗಳನ್ನು ಕೂಡಿಹಾಕುವ ಹುರುಪು ತಲೆಗೆ ಹತ್ತಿದ ಕಾಲ. ಪಡಸಾಲೆಯಲ್ಲಿ ಕಂದೀಲಿನ ಬತ್ತಿ ಇಳಿಸಿ, ಕಿವಿಗೊಟ್ಟು ಕುಳಿತು, ನಾಲ್ಕು ಬೆಳಗುಗಳಲ್ಲಿ ಅದನ್ನು ನೋಟುಬುಕ್ಕಿಗೆ ಇಳಿಸಿಕೊಂಡೆ. ಅವಳನ್ನು ಕೇಳಲಿಲ್ಲ. ಕೇಳಬೇಕೆಂದು ತೋಚಲೂ ಇಲ್ಲ. ಬರಿದೇ ಬರೆದುಕೊಂಡಿದ್ದರೆ ಈಗ ಇಷ್ಟು ಹೇಳುತ್ತಿರಲಿಲ್ಲ. ತ್ರಿಪದಿಯ ಗಣದ ಲೆಕ್ಕಕ್ಕೆ ಒಂದು ಕಡೆ ಸಾಲು ಮಿಕ್ಕಿತ್ತು; ಅಲ್ಲಿ ಆ ಹುಡುಗನ ಹೆಸರಿತ್ತು. ಅದನ್ನು ಹೊಡೆದು 'ಕಂದ' ಎಂದು ತಿದ್ದಿ ಒಂದು ಮಾಸಪತ್ರಿಕೆಗೆ ಕಳಿಸಿದೆ. ಅಚ್ಚಾಗಿ ಬಂದುದನ್ನು ಹೆಮ್ಮೆಯಿಂದ ಅತ್ತೆಗೆ ಓದಿ ಹೇಳಿದೆ. ಅವಳು ಕೇಳಿದ್ದು ಇಷ್ಟೇ: "ಯಾರ ಮಗಾ ತಮ್ಮಾ, ಇಂವಾ?"

ಬೀಸುವುದು ನಿಲ್ಲಲಿಲ್ಲ. ಆ ಪದ ನಿಂತಿತು.

ಐವತ್ತು ವರ್ಷ ಮೀರಿದ ಈ ಸಂಗತಿಯನ್ನು ಮತ್ತೆ ಕೆದಕಿದ್ದು ಅಮೇರಿಕದಿಂದ ಬಂದ ಒಂದು ಧ್ವನಿಮುದ್ರಿಕೆ. ಹಾಡಿದವರು ಮೇರಿ ಗೋಶೇ, ಬಂದದ್ದು 2018ರಲ್ಲಿ, ಹೆಸರು 'ರೈಫಲ್ಸ್ ಅಂಡ್ ರೋಸರಿ ಬೀಡ್ಸ್', ಎಂದರೆ ಕೋವಿ ಮತ್ತು ಜಪಮಾಲೆ. ಅದರಲ್ಲಿ 11 ಹಾಡುಗಳಿವೆ. ಒಂದೂ ಅವರೊಬ್ಬರದಲ್ಲ. ಎಲ್ಲವೂ ಯುದ್ಧದಿಂದ ಮರಳಿದ ಸೈನಿಕರು ಮತ್ತು ಅವರ ಮನೆಯವರ ಜೊತೆ ಕುಳಿತು ಕಟ್ಟಿದವು. ಒಂದಂತೂ ಸೈನಿಕರ ಹೆಂಡಂದಿರೊಡನೆ ಕಟ್ಟಿದ್ದು. 2012ರಲ್ಲಿ ಡಾರ್ಡನ್ ಸ್ಮಿತ್ ಎಂಬ ಗೀತಕಾರ ಮತ್ತು ಮೇರಿ ಜಡ್ ಎಂಬವರು ಕೂಡಿ 'ಸಾಂಗ್‌ರೈಟಿಂಗ್ ವಿತ್ ಸೋಲ್ಜರ್ಸ್' ಎಂಬ ಸಂಸ್ಥೆ ಆರಂಭಿಸಿದರು. ಊರ ಗದ್ದಲದಿಂದ ದೂರವಾದ ಜಾಗದಲ್ಲಿ ವಾರದ ಕೊನೆಗೆ ಶಿಬಿರ. ಸೈನಿಕ ಮಾತಾಡುತ್ತಾನೆ, ಗೀತಕಾರ ಕೇಳುತ್ತಾನೆ. ಮಾತಿನಲ್ಲಿ ಮಿಂಚಿದ ಒಂದು ಸಾಲನ್ನು ಹಿಡಿದು ಗಿಟಾರಿನ ಮೇಲೆ ಇಟ್ಟು ನೋಡುತ್ತಾನೆ. ಅದು ತನ್ನ ಮಾತಲ್ಲವೆಂದು ಸೈನಿಕ ತಲೆಯಾಡಿಸಿದರೆ ಆ ಸಾಲು ಹೋಯಿತು. ಸಿದ್ಧವಾದ ಹಾಡಿಗೆ ಇಬ್ಬರೂ ಕರ್ತೃಗಳು.

ಗೋಶೇ ಅವರೂ ಸುಖದಲ್ಲಿ ಬೆಳೆದವರಲ್ಲ. ಹಸುಗೂಸಾಗಿದ್ದಾಗಲೇ ನ್ಯೂ ಆರ್ಲಿಯನ್ಸಿನ ಅನಾಥಾಲಯದಲ್ಲಿ ಬಿಟ್ಟುಹೋದ ಮಗು. ಕುಡಿತದ ಕೆಸರಿನಿಂದ 1990ರಲ್ಲಿ ಎದ್ದು ಬಂದು, ಮೂವತ್ತು ದಾಟಿದ ಮೇಲೆ ಹಾಡು ಬರೆಯಲು ಕಲಿತವರು. ಇನ್ನೊಬ್ಬರ ಗಾಯದ ಮುಂದೆ ಕೂಡುವುದಕ್ಕೆ ಇದೂ ಒಂದು ಅರ್ಹತೆ ಇರಬೇಕು. ನನಗೆ ಅದಿರಲಿಲ್ಲ.

ಹಾಡು ಕಟ್ಟಿದರೆ ನೋವು ಹೇಗೆ ಇಳಿಯುತ್ತದೆ? ಆಘಾತದ ನೆನಪು ಕರೆದಾಗ ಬರುವುದಿಲ್ಲ, ಹೋಗೆಂದರೆ ಹೋಗುವುದಿಲ್ಲ. ಬಾಗಿಲು ಬಡಿದ ಸದ್ದಿಗೆ, ಎಲ್ಲಿಯದೋ ಒಂದು ವಾಸನೆಗೆ ಚೂರುಚೂರಾಗಿ ನುಗ್ಗುತ್ತದೆ. ಹಾಡಿಗಾದರೋ ಮೊದಲಿದೆ, ಕೊನೆಯಿದೆ, ನಡುವೆ ಮತ್ತೆ ಮತ್ತೆ ಬಂದು ನಿಲ್ಲಲು ಒಂದು ಪಲ್ಲವಿಯಿದೆ. ನಾಲ್ಕು ನಿಮಿಷದಲ್ಲಿ ಮುಗಿಯುವ ಸಂಕಟವನ್ನು ಮನುಷ್ಯ ಕೈಯಲ್ಲಿ ಹಿಡಿಯಬಲ್ಲ. 1986ರಲ್ಲಿ ಜೇಮ್ಸ್ ಪೆನ್ನೆಬೇಕರ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಪ್ರಯೋಗವೊಂದಿದೆ. ವಿದ್ಯಾರ್ಥಿಗಳಿಂದ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಬಾಳಿನ ಅತಿ ಕಹಿಯಾದುದನ್ನು ಬರೆಯಿಸಿದರು. ನಡೆದುದನ್ನೂ ಅದರ ನೋವನ್ನೂ ಕೂಡಿಸಿ ಬರೆದವರು ಮುಂದಿನ ತಿಂಗಳುಗಳಲ್ಲಿ ವೈದ್ಯರ ಬಳಿ ಕಡಿಮೆ ಹೋದರು. ಆದರೆ ಬರೆದ ಆ ಗಳಿಗೆಯಲ್ಲಿ ಅವರ ಮನಸ್ಸು ಹೆಚ್ಚು ಕುಗ್ಗಿತ್ತು. ಈ ಎರಡನೆಯ ಮಾತನ್ನು ಉತ್ಸಾಹಿಗಳು ಬೇಗ ಮರೆಯುತ್ತಾರೆ.

ನನ್ನ ವೈದ್ಯಮಿತ್ರರೊಬ್ಬರು ಇದನ್ನೆಲ್ಲ ಕೇಳಿ ನಕ್ಕರು. "ಗಾಯ ಮಾಡಿದವರು ಒಬ್ಬರು, ಮುಲಾಮು ಹಚ್ಚುವವರು ಇನ್ನೊಬ್ಬರು. ವಾಸಿಮಾಡಿ ಎಲ್ಲಿಗೆ ಕಳಿಸುತ್ತೀರಿ, ಸ್ವಾಮಿ?" ಎಂದರು. ನಗೆಯ ಮಾತಲ್ಲ ಅದು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಎಡಿನ್‌ಬರೋದ ಕ್ರೇಗ್‌ಲಾಕ್‌ಹಾರ್ಟ್ ಆಸ್ಪತ್ರೆಗೆ, ಷೆಲ್ಲುಗಳ ಆರ್ಭಟದಿಂದ ಮನಸ್ಸು ಕದಡಿದ ಅಧಿಕಾರಿಗಳನ್ನು ತರುತ್ತಿದ್ದರು. 1917ರಲ್ಲಿ ಅಲ್ಲಿಗೆ ಬಂದ ವಿಲ್ಫ್ರೆಡ್ ಓವನ್ ಎಂಬ ತರುಣನಿಗೆ ವೈದ್ಯ ಆರ್ಥರ್ ಬ್ರಾಕ್ ಕೊಟ್ಟ ಔಷಧಿಯಲ್ಲಿ ಕೆಲಸವೂ ಸೇರಿತ್ತು: ಆಸ್ಪತ್ರೆಯ ಪತ್ರಿಕೆಯನ್ನು ನೋಡಿಕೊಳ್ಳುವುದು, ಬರೆಯುವುದು. ಅಲ್ಲೇ ಇದ್ದ ಕವಿ ಸೀಗ್‌ಫ್ರಿಡ್ ಸಸೂನ್ ಅವನ ಪದ್ಯಗಳನ್ನು ತಿದ್ದಿದ. ಒಂದು ಹೆಸರಾಂತ ಕವಿತೆಯ ಕರಡಿನ ಮೇಲೆ ಇಬ್ಬರ ಕೈಬರಹವೂ ಇದೆ. ಕಮ್ಮಟವೆಂಬ ಹೆಸರಿಲ್ಲದ ಕಮ್ಮಟ. ಓವನ್ ಚೇತರಿಸಿಕೊಂಡ, ಮತ್ತೆ ರಣರಂಗಕ್ಕೆ ಹೋದ. 1918ರ ನವೆಂಬರ್ 4ರಂದು, ಯುದ್ಧ ನಿಲ್ಲಲು ಒಂದೇ ವಾರವಿರುವಾಗ, ಗುಂಡಿಗೆ ಬಿದ್ದ. ವಯಸ್ಸು 25.

ಹಾಗೆಂದು ಬ್ರಾಕ್ ಅವನಿಗೆ ಮದ್ದು ಕೊಡಬಾರದಿತ್ತೆನ್ನೋಣವೇ? ನನ್ನಿಂದಾಗದು. ರಾತ್ರಿಯ ದುಃಸ್ವಪ್ನದಿಂದ ಬೆವೆತು ಏಳುವವನಿಗೆ ಯುದ್ಧನೀತಿಯ ತೀರ್ಮಾನವಾಗುವ ತನಕ ಕಾಯೆನ್ನಲು ಬರುವುದಿಲ್ಲ. ಆದರೂ ಮಿತ್ರರ ಪ್ರಶ್ನೆ ಕುರ್ಚಿಯಿಂದ ಎದ್ದು ಹೋಗುವುದಿಲ್ಲ.

ನನ್ನನ್ನು ಕಾಡುವುದು ಇನ್ನೂ ಚಿಕ್ಕ ಪ್ರಶ್ನೆ. ಹಾಡಿನ ಅಂದಕ್ಕಾಗಿ ಬಿಡಬಹುದಾದದ್ದೆಷ್ಟು? ಪ್ರಾಸ ಹೊಂದಲಿಲ್ಲವೆಂದು ಸತ್ತ ಗೆಳೆಯನ ಊರನ್ನು ಬದಲಿಸಿದರೆ, ಕೇಳುವ ಸಾವಿರ ಮಂದಿಗೆ ನಷ್ಟವೇನೂ ಇಲ್ಲ. ಹೇಳಿದವನೊಬ್ಬನಿಗೆ ಆ ಊರೇ ಎಲ್ಲ. ಶಿಬಿರದಲ್ಲಿ ತಲೆಯಾಡಿಸುವ ಹಕ್ಕು ಅವನಿಗಿದೆ. ಅತ್ತೆಗೆ ನಾನು ಅದನ್ನು ಕೊಡಲಿಲ್ಲ.

ಅತ್ತೆ ತೀರಿಕೊಂಡು ಬಹಳ ಕಾಲವಾಯಿತು. ಕಳೆದ ವರ್ಷ ಅವಳ ಮೊಮ್ಮಗಳು ಫೋನು ಮಾಡಿ, "ಅಜ್ಜಿಯ ಹಾಡು ನಿಮ್ಮ ಹತ್ತಿರ ಇದೆಯಂತೆ, ನನಗೆ ಬೇಕು" ಎಂದಳು. ಯಾತಕ್ಕೆಂದು ಈ ಬಾರಿಯೂ ನಾನು ಕೇಳಲಿಲ್ಲ; ಕೇಳುವ ಅಧಿಕಾರ ನನಗೆಲ್ಲಿಯದು? ಟ್ರಂಕಿನ ತಳದಿಂದ ನೋಟುಬುಕ್ಕು ತೆಗೆದೆ. ಹೆಸರಿನ ಮೇಲೆ ನಾನೆಳೆದ ಗೀಟು ಹಾಗೇ ಇತ್ತು, ಅಡಿಯ ಅಕ್ಷರಗಳೂ ಕಾಣುತ್ತಿದ್ದವು. ಹೆಸರನ್ನು ಸೇರಿಸಿ ಪ್ರತಿ ಮಾಡಿದೆ. ಯಾರೂ ಇಲ್ಲದಾಗ ಒಮ್ಮೆ ಗಟ್ಟಿಯಾಗಿ ಅಂದುಕೊಂಡೆ. ಸಾಲು ಎಡವಲಿಲ್ಲ. ಹಿಡಿ ಜೋಳ ಹಾಕಿದಾಗ ಕಲ್ಲು ಒಂದು ಸುತ್ತು ಭಾರವಾಗಿ ತಿರುಗುತ್ತಿತ್ತಲ್ಲ, ಆ ಹೆಸರು ಬರುತ್ತಿದ್ದದ್ದು ಅಲ್ಲಿ.