ಸಂತಾನ, ಸಾಧನ ಮತ್ತು ವಿವೇಕ

ಸಾಧನವು ತನ್ನಷ್ಟಕ್ಕೆ ಪುಣ್ಯವೂ ಅಲ್ಲ, ಪಾಪವೂ ಅಲ್ಲ. ಅದನ್ನು ಯಾವ ಉದ್ದೇಶಕ್ಕೆ, ಎಷ್ಟರಮಟ್ಟಿಗೆ ಬಳಸಲಾಯಿತೆಂಬುದರಿಂದ ಅದರ ಯೋಗ್ಯತೆಯು ನಿರ್ಣಯವಾಗುತ್ತದೆ. ಸಂತಾನಾಪೇಕ್ಷೆಯಿಂದ ವೈದ್ಯರ ಬಳಿಗೆ ಹೋಗುವ ಗೃಹಸ್ಥರು ಇದನ್ನು ಮರೆಯಲಾಗದು.

ವಂಶದಲ್ಲಿ ಇಳಿದುಬರುವ ರೋಗದ ದುಃಖವು ಮಲೆನಾಡಿಗೆ ಅಪರಿಚಿತವಲ್ಲ. ಎಲುಬು ಕೀಲುಗಳನ್ನು ಕೆಡಿಸುವ ಹಂದಿಗೋಡು ವ್ಯಾಧಿಯು ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕೆಲವು ಕುಟುಂಬಗಳನ್ನು ತಲೆಮಾರುಗಳಿಂದ ಬಾಧಿಸಿದೆ. ಥಲಸ್ಸೇಮಿಯಾ ಎಂಬ ರಕ್ತರೋಗದ ದೋಷವನ್ನು ತಂದೆತಾಯಿಗಳಿಬ್ಬರೂ ಹೊತ್ತಿದ್ದರೆ, ಪ್ರತಿ ಗರ್ಭದಲ್ಲಿಯೂ ನಾಲ್ಕರಲ್ಲಿ ಒಂದು ಪಾಲು ಅಪಾಯವುಂಟು. ಇಂಥ ದೋಷವು ಯಾವ ಜೀನಿನದೆಂದು ಮೊದಲೇ ಗೊತ್ತಿದ್ದಲ್ಲಿ, ದೇಹದ ಹೊರಗೆ ಬೆಳೆಸಿದ ಭ್ರೂಣದಿಂದ ಐದಾರನೆಯ ದಿನ ಕೆಲವೇ ಕೋಶಗಳನ್ನು ತೆಗೆದು ಪರೀಕ್ಷಿಸಬಹುದು.

ಭ್ರೂಣವನ್ನು ಪಡೆಯುವ ಮಾರ್ಗಗಳು ಎರಡು. 1978ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶುವನ್ನು ನೀಡಿದ ಕ್ರಮದಲ್ಲಿ ಅಂಡವನ್ನೂ ಅನೇಕ ವೀರ್ಯಾಣುಗಳನ್ನೂ ಒಂದೇ ಪಾತ್ರೆಯಲ್ಲಿ ಕೂಡಿಸಿಡುತ್ತಾರೆ. ಬೆಲ್ಜಿಯಂನ ವೈದ್ಯರು 1992ರಲ್ಲಿ ಪ್ರಕಟಿಸಿದ ಇಕ್ಸಿ ಎಂಬ ಕ್ರಮದಲ್ಲಿ ಒಂದೇ ವೀರ್ಯಾಣುವನ್ನು ಸೂಕ್ಷ್ಮವಾದ ಸೂಜಿಯಿಂದ ಅಂಡದೊಳಗೆ ಇಳಿಸುತ್ತಾರೆ.

ಇವುಗಳಲ್ಲಿ ಯಾವುದು ತಕ್ಕುದು? ಕಾಫಿಯ ನಾಡಿನವರಿಗೆ ಇದರ ಮರ್ಮವು ಸುಲಭವಾಗಿ ತಿಳಿಯುವುದು. ಮೂಡಿಗೆರೆ, ಕಳಸಗಳಲ್ಲಿ ಹೂಮಳೆಯಾಗಿ ರೊಬಸ್ಟಾ ಅರಳಿದಾಗ ಗಾಳಿಯೂ ಜೇನೂ ಪರಾಗವನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತವೆ. ಬೆಳೆಗೆ ಅಷ್ಟು ಸಾಕು. ತಳಿಯನ್ನು ಶೋಧಿಸುವವನಾದರೋ ಹೂವಿಗೆ ಚೀಲ ಕಟ್ಟಿ, ಬೇಕಾದ ಪರಾಗವನ್ನೇ ಕೈಯಾರೆ ಸೋಕಿಸುತ್ತಾನೆ. ಅನ್ಯ ಪರಾಗವು ಬೆರೆತರೆ ಅವನ ಲೆಕ್ಕವೇ ಕೆಡುತ್ತದೆ. ಹಾಗೆಯೇ ಭ್ರೂಣದ ಹೊರಪೊರೆಗೆ ಅಂಟಿದ ವೀರ್ಯಾಣುವು ಪರೀಕ್ಷೆಯಲ್ಲಿ ಬೆರೆತರೆ ಉತ್ತರವು ತಪ್ಪಬಹುದು. ಆದುದರಿಂದ ಒಂದೇ ಜೀನಿನ ರೋಗವನ್ನು ಹುಡುಕುವಾಗ ವೈದ್ಯರು ಸಾಮಾನ್ಯವಾಗಿ ಸೂಜಿಯ ಕ್ರಮವನ್ನೇ ಆರಿಸುತ್ತಾರೆ. ವೀರ್ಯವು ದುರ್ಬಲವಾಗಿದ್ದರೂ ಅದೇ ಯುಕ್ತ. ಆದರೆ ವೀರ್ಯದಲ್ಲಿ ದೋಷವಿಲ್ಲದೆ, ಕ್ರೋಮೋಸೋಮುಗಳ ಎಣಿಕೆಯನ್ನಷ್ಟೇ ನೋಡಬೇಕಾದಲ್ಲಿ, ಸೂಜಿಯಿಂದ ಹೆಚ್ಚಿನ ಫಲವಿಲ್ಲವೆಂದು ಇತ್ತೀಚಿನ ಅಧ್ಯಯನಗಳು ತೋರಿಸಿವೆ. ಅಲ್ಲಿ ಹೆಚ್ಚಿನ ವೆಚ್ಚವು ಭಯಕ್ಕೆ ತೆತ್ತ ದಂಡವಷ್ಟೆ. ಏಕೆ ಈ ಕ್ರಮವೆಂದು ವೈದ್ಯರನ್ನು ಕೇಳಲು ದಂಪತಿಗಳು ಸಂಕೋಚಪಡಬೇಕಿಲ್ಲ.

ಇದಕ್ಕಿಂತ ಹಿರಿದಾದ ಪ್ರಶ್ನೆಯೊಂದಿದೆ: ಭ್ರೂಣದಲ್ಲಿ ಏನನ್ನು ಹುಡುಕುವುದು? ಗಂಡೋ ಹೆಣ್ಣೋ ಎಂದು ಆರಿಸುವುದನ್ನು 1994ರ ಕಾಯಿದೆಯು ನಿಷೇಧಿಸಿದೆ. 2021ರ ಕಾಯಿದೆಯು ಪರೀಕ್ಷೆಯನ್ನು ರೋಗಕ್ಕೆ ಮಾತ್ರ ಸೀಮಿತಗೊಳಿಸಿದೆ. ಕಾನೂನಿನ ಭಯದಿಂದಲ್ಲ, ಅರಿವಿನಿಂದ ಈ ಮೇರೆಯನ್ನು ಪಾಲಿಸುವುದೇ ಆಚಾರ. ನೋವನ್ನು ತಡೆಯಲು ಹೊರಟವರು ರೋಗದೊಡನೆ ಈಗಾಗಲೇ ಬದುಕುತ್ತಿರುವವರನ್ನು ಕೀಳಾಗಿ ಕಂಡರೆ ಅವರ ಕರುಣೆಯು ಅರ್ಧಕ್ಕೆ ನಿಂತಂತೆ. ಮನೆಯಲ್ಲಿ ರೋಗಿಯಾದ ಮಗುವಿದ್ದರೆ, ಅದರ ಸೇವೆಯಲ್ಲಿ ಕೊರತೆಯಾಗದಂತೆ ನೋಡಿಕೊಂಡೇ ಮುಂದಿನ ಮಗುವಿನ ಚಿಂತೆಯನ್ನು ಮಾಡತಕ್ಕದ್ದು.