ಲೆಕ್ಕವಿಲ್ಲದ ಬಂದೂಕಿಗೆ ಯಾರು ಹೊಣೆ?

ಸಾರ್ವಜನಿಕ ಸೊತ್ತಿನ ದುರುಪಯೋಗ ಎಂದಾಗ ನಮಗೆ ರಸ್ತೆ, ಸೇತುವೆ, ಪಡಿತರದ ಅಕ್ಕಿ ನೆನಪಾಗುತ್ತವೆ. ಸೈನ್ಯದ ಸೊತ್ತು ನೆನಪಾಗುವುದು ಕಡಿಮೆ. ಅದು ಮುಳ್ಳುತಂತಿಯ ಬೇಲಿಯ ಆಚೆಗಿರುವ, ನಮ್ಮ ಕಣ್ಣಿಗೆ ಬೀಳದ ಸೊತ್ತು. ಆದರೆ ಅದನ್ನೂ ಕೊಂಡದ್ದು ಜನರ ತೆರಿಗೆಯಿಂದಲೇ. ಅಷ್ಟೇ ಅಲ್ಲ, ಪಡಿತರದ ಅಕ್ಕಿ ಕಳವಾದರೆ ಬಡವನೊಬ್ಬನ ಊಟ ಹೋಗುತ್ತದೆ. ಉಗ್ರಾಣದಿಂದ ಬಂದೂಕು ಕಾಣೆಯಾದರೆ ಹೋಗುವುದು ಯಾರ ಪ್ರಾಣ ಎಂದು ಹೇಳುವವರೇ ಇಲ್ಲ. ಹಾಗಿರುವಾಗ ಆಯುಧಗಳ ಲೆಕ್ಕ ಇಡುವುದು ಬರೇ ಗುಮಾಸ್ತರ ಕೆಲಸವೇ ಅಥವಾ ಅದೊಂದು ನೈತಿಕ ಹೊಣೆಯೇ?

ಇರಾಕಿನ ಅನುಭವ ಈ ಪ್ರಶ್ನೆಯನ್ನು ನಮ್ಮ ಮುಂದೆ ಬಹಳ ಸ್ಪಷ್ಟವಾಗಿ ಇಡುತ್ತದೆ. 2003ರ ಮಾರ್ಚ್‌ನಲ್ಲಿ ಅಮೆರಿಕ ಮತ್ತು ಅದರ ಮಿತ್ರರು ಆ ದೇಶದ ಮೇಲೆ ದಾಳಿ ನಡೆಸಿದಾಗ, ವಿನಾಶಕಾರಿ ಆಯುಧಗಳು ಅಪಾಯಕಾರಿ ಕೈಗಳಿಗೆ ಸೇರಬಾರದು ಎಂಬುದೇ ಅವರು ಮುಂದಿಟ್ಟ ಮುಖ್ಯ ಕಾರಣವಾಗಿತ್ತು. ಅಂತಹ ಆಯುಧಗಳ ದಾಸ್ತಾನು ಸಿಗಲೇ ಇಲ್ಲ. ಆದರೆ ಬಗ್ದಾದ್‌ನ ದಕ್ಷಿಣಕ್ಕಿರುವ ಅಲ್-ಕಕಾ ಎಂಬ ಸೇನಾ ನೆಲೆಯಲ್ಲಿ ನೂರಾರು ಟನ್ ಪ್ರಬಲ ಸ್ಫೋಟಕಗಳು ನಿಜವಾಗಿಯೂ ಇದ್ದವು. ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಗೆ ಅವುಗಳ ಲೆಕ್ಕ ಗೊತ್ತಿತ್ತು. ಸುಮಾರು 340 ಟನ್ ಸ್ಫೋಟಕ ಕಾಣೆಯಾಗಿದೆಯೆಂದೂ ಕಾವಲಿಲ್ಲದೆ ಅದು ಲೂಟಿಯಾಯಿತೆಂದೂ 2004ರ ಅಕ್ಟೋಬರ್‌ನಲ್ಲಿ ಇರಾಕಿನ ಮಧ್ಯಂತರ ಸರಕಾರ ಆ ಸಂಸ್ಥೆಗೆ ತಿಳಿಸಿತು. 1988ರಲ್ಲಿ ಲಾಕರ್ಬಿಯ ಆಗಸದಲ್ಲಿ ವಿಮಾನವೊಂದನ್ನು ಸ್ಫೋಟಿಸಿ 270 ಜನರನ್ನು ಕೊಲ್ಲಲು ಇಂತಹ ಸ್ಫೋಟಕ ಅರ್ಧ ಕಿಲೋದಷ್ಟೂ ಬೇಕಾಗಿರಲಿಲ್ಲ ಎಂಬುದನ್ನು ನೆನೆದರೆ ಇದರ ಗಾಂಭೀರ್ಯ ಅರ್ಥವಾಗುತ್ತದೆ.

ಅನಂತರ ಅಮೆರಿಕವು ಇರಾಕಿನ ಹೊಸ ಸೈನ್ಯ ಮತ್ತು ಪೊಲೀಸ್ ಪಡೆಗೆ ಆಯುಧಗಳನ್ನು ಹಂಚಿತು. ಆ ದೇಶದ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯೇ 2007ರಲ್ಲಿ ನೀಡಿದ ವರದಿಯಂತೆ, ಹೀಗೆ ಕೊಟ್ಟ ಸುಮಾರು 1,10,000 ಎಕೆ-47 ರೈಫಲ್‌ಗಳಿಗೂ 80,000 ಪಿಸ್ತೂಲುಗಳಿಗೂ ಸರಿಯಾದ ಲೆಕ್ಕ ಇರಲಿಲ್ಲ. ಅಷ್ಟೂ ಕಳವಾದವು ಎಂದು ಇದರರ್ಥವಲ್ಲ. ಅನೇಕ ಆಯುಧಗಳು ಸರಿಯಾದ ಕೈಯಲ್ಲೇ ಇದ್ದಿರಬಹುದು. ಆದರೆ ಯಾವುದು ಯಾರ ಕೈಯಲ್ಲಿದೆ ಎಂದು ಕೊಟ್ಟವರೇ ಹೇಳಲಾರದ ಸ್ಥಿತಿ ಉಂಟಾಯಿತು. ನಮ್ಮ ದೃಷ್ಟಿಯಲ್ಲಿ ನಿಜವಾದ ಅಪರಾಧ ಇರುವುದು ಇಲ್ಲಿ. ಆ ರೈಫಲ್‌ಗಳಲ್ಲೊಂದು ನಾಳೆ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದ ತಾಯಿಯೊಬ್ಬಳನ್ನು ಕೊಂದರೆ, ಅವಳ ಮಕ್ಕಳು ಯಾರ ಬಾಗಿಲು ಬಡಿಯಬೇಕು? ಲೆಕ್ಕ ಅಳಿಸಿಹೋದಲ್ಲಿ ನ್ಯಾಯ ಕೇಳುವ ದಾರಿಯೂ ಅಳಿಸಿಹೋಗುತ್ತದೆ.

ಇದಕ್ಕೆ ಒಂದು ಸಮರ್ಥನೆ ಇದೆ. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸುತ್ತಲೂ ಯುದ್ಧ ನಡೆಯುತ್ತಿತ್ತು, ಸಿಬ್ಬಂದಿ ಸಾಲುತ್ತಿರಲಿಲ್ಲ, ಹೊಸ ಪಡೆಗಳಿಗೆ ತುರ್ತಾಗಿ ಆಯುಧ ಬೇಕಿತ್ತು. ಬರಿಗೈಯಲ್ಲಿ ನಿಂತ ಸೈನಿಕ ಇಂದು ರಾತ್ರಿಯೇ ಸಾಯಬಹುದಾಗಿರುವಾಗ ನೋಂದಣಿ ಪುಸ್ತಕ ತುಂಬುತ್ತಾ ಕೂರುವುದೇ? ಪ್ರಶ್ನೆ ನ್ಯಾಯವಾದುದೇ. ಆದರೆ ಅವಸರ ಮಾಡುವವನು ಒಬ್ಬ, ಅದರ ಬೆಲೆ ತೆರುವವನು ಇನ್ನೊಬ್ಬ ಎಂಬುದನ್ನು ಈ ಸಮರ್ಥನೆ ಮರೆಯುತ್ತದೆ. ಬಂದೂಕು ಹಂಚಿದ ಅಧಿಕಾರಿ ಅವಧಿ ಮುಗಿಸಿ ತನ್ನ ಊರಿಗೆ ಮರಳುತ್ತಾನೆ. ಬಂದೂಕು ಮಾತ್ರ ಇರಾಕಿನಲ್ಲೇ ಉಳಿಯುತ್ತದೆ. ತನ್ನ ಮಕ್ಕಳು ಓಡಾಡುವ ಬೀದಿಯಲ್ಲಾಗಿದ್ದರೆ ಆತ ಅಷ್ಟೇ ಅವಸರದಿಂದ ಹಂಚುತ್ತಿದ್ದನೇ?

ಪ್ರವಾದಿ ಮುಹಮ್ಮದರ(ಸ) ಕಾಲದ ಒಂದು ಘಟನೆ ಇಲ್ಲಿ ಪ್ರಸ್ತುತವೆನಿಸುತ್ತದೆ. ಕ್ರಿ.ಶ. 628ರ ಖೈಬರ್ ಯುದ್ಧದ ಬಳಿಕ, ಮರಳುವ ದಾರಿಯಲ್ಲಿ ಪ್ರವಾದಿಯವರ(ಸ) ಸೇವಕನೊಬ್ಬ ಎಲ್ಲಿಂದಲೋ ಬಂದ ಬಾಣ ತಗುಲಿ ಮೃತಪಟ್ಟ. ಅವನು ಸ್ವರ್ಗ ಪಡೆದ ಭಾಗ್ಯವಂತನೆಂದು ಜನರು ಹೇಳಿದರು. ಪ್ರವಾದಿಯವರು(ಸ) ಒಪ್ಪಲಿಲ್ಲ. ಯುದ್ಧಾರ್ಜಿತ ಸೊತ್ತು ಹಂಚಿಕೆಯಾಗುವ ಮೊದಲೇ ಅವನು ತೆಗೆದುಕೊಂಡಿದ್ದ ಹೊದಿಕೆಯು ಅವನ ಪಾಲಿಗೆ ಬೆಂಕಿಯಾಗಿದೆಯೆಂದು ಎಚ್ಚರಿಸಿದರು. ಅದನ್ನು ಕೇಳಿ ಒಬ್ಬಾತ ಚಪ್ಪಲಿಯ ಒಂದೆರಡು ಪಟ್ಟಿಗಳನ್ನು ತಂದೊಪ್ಪಿಸಿದ. ಅವು ಕೂಡ ಬೆಂಕಿಯೇ ಎಂಬ ಉತ್ತರ ಸಿಕ್ಕಿತು.

ಸೈನ್ಯಕ್ಕಾಗಿ ಪ್ರಾಣ ಕೊಟ್ಟವನಿಗೂ ಸೈನ್ಯದ ಸೊತ್ತಿನಲ್ಲಿ ರಿಯಾಯಿತಿ ಇಲ್ಲ ಎಂಬುದು ಈ ಘಟನೆಯ ಒಂದು ಪಾಠ. ನಾವು ಹೆಚ್ಚಾಗಿ ಗಮನಿಸದ ಇನ್ನೊಂದು ಪಾಠವೂ ಇದೆ. ಇಲ್ಲಿ ದೊಡ್ಡದಕ್ಕೂ ಸಣ್ಣದಕ್ಕೂ ಒಂದೇ ಅಳತೆಗೋಲು. ಇಂದಿನ ವ್ಯವಸ್ಥೆಗಳಲ್ಲಿ ಸಾಮಾನ್ಯ ಸೈನಿಕ ತನಗೆ ಕೊಟ್ಟ ಸಾಮಾನು ಕಳೆದುಕೊಂಡರೆ ಅದರ ಬೆಲೆಯನ್ನು ಅವನ ಸಂಬಳದಿಂದ ಮುರಿದುಕೊಳ್ಳಲಾಗುತ್ತದೆ. ಲಕ್ಷಗಟ್ಟಲೆ ಆಯುಧಗಳ ಲೆಕ್ಕ ತಪ್ಪಿದರೆ ಒಂದು ವರದಿ ಹೊರಬರುತ್ತದೆ. ಚಪ್ಪಲಿಯ ಪಟ್ಟಿಗೆ ಬೆಂಕಿ, ಶಸ್ತ್ರಾಗಾರಕ್ಕೆ ವಿವರಣೆ ಎಂದಾದರೆ ಅದು ಶಿಸ್ತಲ್ಲ, ಬಲಹೀನನ ಮೇಲಿನ ಸವಾರಿ.

ಹಾಗಾದರೆ ಪುಸ್ತಕದಲ್ಲಿ ಎಲ್ಲವನ್ನೂ ಬರೆದಿಟ್ಟರೆ ಸಾಕೇ? ಇದಕ್ಕೂ ಇರಾಕಿನಲ್ಲೇ ಉತ್ತರವಿದೆ. 2014ರ ಜೂನ್‌ನಲ್ಲಿ ಮೊಸುಲ್ ನಗರವು ಐಸಿಸ್ ಉಗ್ರರ ವಶವಾಯಿತು. ಅಲ್ಲಿ 2,300 ಹಮ್‌ವೀ ಸೇನಾ ವಾಹನಗಳನ್ನು ಕಳೆದುಕೊಂಡೆವೆಂದು ಪ್ರಧಾನಿ ಹೈದರ್ ಅಲ್-ಅಬಾದಿ ಮುಂದಿನ ವರ್ಷ ಹೇಳಿದರು. ಸೈನ್ಯದ ಪಟ್ಟಿಯಲ್ಲಿ 50,000 ಸುಳ್ಳು ಹೆಸರುಗಳು ಪತ್ತೆಯಾದುದನ್ನೂ 2014ರ ಕೊನೆಯಲ್ಲಿ ಅವರೇ ಬಹಿರಂಗಪಡಿಸಿದ್ದರು. ಅಂದರೆ ಮೊದಲು ಬಂದೂಕುಗಳಿದ್ದವು, ಬರಹ ಇರಲಿಲ್ಲ. ಆಮೇಲೆ ಬರಹವಿತ್ತು, ಸೈನಿಕರಿರಲಿಲ್ಲ.

ಇದೇ ನೆಲದ ಕೂಫಾ ಮತ್ತು ಬಸ್ರಾ ಏಳನೆಯ ಶತಮಾನದಲ್ಲಿ ಸೇನಾ ಪಟ್ಟಣಗಳಾಗಿ ಹುಟ್ಟಿದವು. ಸೈನಿಕರ ಹೆಸರು, ವೇತನಗಳನ್ನು ಬರೆದಿಡುವ ‘ದಿವಾನ್’ ಎಂಬ ದಾಖಲೆ ಪುಸ್ತಕವನ್ನು ಖಲೀಫಾ ಉಮರ್(ರ) ಆರಂಭಿಸಿದರು. ಮೈಸೂರಿನ ದಿವಾನರ ಮೂಲಕ ನಾವು ಕನ್ನಡಿಗರು ಬಲ್ಲ ಪದವೂ ಇದೇ. ಸಾರ್ವಜನಿಕ ಸೊತ್ತನ್ನು ಅಮಾನತ್ತೆಂದು, ಅಂದರೆ ಬೇರೆಯವರು ನಂಬಿ ಒಪ್ಪಿಸಿದ ವಸ್ತುವೆಂದು ಬಗೆಯುವ ಮನಸ್ಸು ಆ ಪುಸ್ತಕದ ಹಿಂದಿತ್ತು. ಪುಸ್ತಕ ಮಾತ್ರ ಉಳಿದು ಆ ಮನಸ್ಸು ಹೋದರೆ, ಇಲ್ಲದ ಸೈನಿಕನಿಗೂ ಸಂಬಳ ಸಲ್ಲುತ್ತದೆ.

ಇದೆಲ್ಲ ಪರದೇಶದ ಮಾತೆಂದು ನಾವು ನಿರಾಳವಾಗಿರುವಂತಿಲ್ಲ. 2023ರ ಮೇ ತಿಂಗಳಲ್ಲಿ ಮಣಿಪುರದಲ್ಲಿ ಹಿಂಸೆ ಭುಗಿಲೆದ್ದ ಬಳಿಕ ಪೊಲೀಸರ ಶಸ್ತ್ರಾಗಾರಗಳಿಂದ ಸಾವಿರಾರು ಆಯುಧಗಳು ಲೂಟಿಯಾದವು. ಜನರನ್ನು ರಕ್ಷಿಸಲು ಜನರ ಹಣದಿಂದಲೇ ಕೊಂಡ ಬಂದೂಕುಗಳು ನೆರೆಹೊರೆಯವರ ಎದೆಗೆ ಗುರಿಯಿಡಲು ಬಳಕೆಯಾದವು.

ಲೆಕ್ಕ ಸರಿಯಿದ್ದ ಮಾತ್ರಕ್ಕೆ ಯಾವ ಯುದ್ಧವೂ ನ್ಯಾಯವಾಗುವುದಿಲ್ಲ. ಪೈಸೆ ಪೈಸೆಯ ಲೆಕ್ಕವಿಟ್ಟ ಸೈನ್ಯವೂ ಅಮಾಯಕರನ್ನು ಕೊಲ್ಲಬಹುದು. ಆದರೆ ಆ ಕೊಲೆಯನ್ನು ಪ್ರಶ್ನಿಸಲು ನಮಗೊಂದು ಹೆಸರು, ಒಂದು ಸಂಖ್ಯೆ, ಒಂದು ಸಹಿ ಬೇಕು. ಆಯುಧ ಹಿಡಿಯುವ ಅಧಿಕಾರ ಬೇಕೆನ್ನುವ ಪ್ರಭುತ್ವ ಮೊದಲು ಈ ಮೂರನ್ನು ಜನರ ಮುಂದಿಡಲಿ. ಕೇಳುವುದು ನಮ್ಮ ಹಕ್ಕು ಮಾತ್ರವಲ್ಲ, ಹೊಣೆ ಕೂಡ. ಏಕೆಂದರೆ ಆ ಬಂದೂಕಿಗೆ ಹಣ ಕೊಟ್ಟವರು ನಾವು.